ಮೌನವು ಸಮ್ಮತಿಯೆ?

ಹತ್ತನೆಯ ತರಗತಿಯಲ್ಲಿ ಒಂದು ದಿನ ನಾಣ್ಣುಡಿಗಳ ಪಾಠ ನಡೆದಿತ್ತು. 'ಮೌನವೇ ಸಮ್ಮತಿ' ಎಂಬುದನ್ನು ವಿವರಿಸಿ, ಹೆಣ್ಣು ನೋಡುವ ಶಾಸ್ತ್ರದ ಉದಾಹರಣೆ ಕೊಟ್ಟು ಮುಗಿಸಿದೆನು. ಹಿಂದಿನ ಬೆಂಚಿನಿಂದ ಮಗ್ಗದ ಮನೆಯ ಹುಡುಗಿಯೊಬ್ಬಳು ಎದ್ದು, "ಸಾರ್, ಅವಳನ್ನು ಯಾರೂ ಕೇಳಿಯೇ ಇಲ್ಲವಾದರೆ?" ಎಂದಳು. ಮಕ್ಕಳು ನಕ್ಕರು, ನಾನೂ ನಕ್ಕೆನು. ಆದರೆ ಆ ಪ್ರಶ್ನೆ ಈಗ ಬೇರೊಂದು ವಿಷಯದಲ್ಲಿ ನನ್ನನ್ನು ಹಿಡಿದುಕೊಂಡಿದೆ.

ಸತ್ತವರ ಕಣ್ಣು, ಮೂತ್ರಪಿಂಡ, ಯಕೃತ್ತು, ಹೃದಯಗಳನ್ನು ಬದುಕಬೇಕಾದವರಿಗೆ ಜೋಡಿಸುವ ವಿದ್ಯೆ ಇಂದು ನಮ್ಮ ರಾಜ್ಯದಲ್ಲಿಯೂ ಬೇರೂರಿದೆ. ಅದಕ್ಕೆ ಒಪ್ಪಿಗೆ ಬೇಕಷ್ಟೆ. ಅದನ್ನು ಪಡೆಯುವ ಬಗೆ ಎರಡು. 'ಕೊಡುತ್ತೇನೆ' ಎಂದವರದನ್ನು ಮಾತ್ರ ತೆಗೆದುಕೊಳ್ಳುವುದು ಒಂದು. 'ಕೊಡೆನು' ಎಂದು ಬರೆಯಿಸದವರೆಲ್ಲರೂ ಒಪ್ಪಿದಂತೆಯೇ ಎಂದು ತಿಳಿಯುವುದು ಇನ್ನೊಂದು. ಸ್ಪೇನ್ ದೇಶವು 1979ರಲ್ಲಿಯೂ, ಇಂಗ್ಲೆಂಡು 2020ರಲ್ಲಿಯೂ ಈ ಎರಡನೆಯದನ್ನು ಕಾನೂನಾಗಿ ಮಾಡಿಕೊಂಡವು. ಇದು ನಮಗೂ ಬೇಕೆನ್ನುವವರಿದ್ದಾರೆ.

ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ನನ್ನ ಸಹೋದ್ಯೋಗಿಯೊಬ್ಬರು ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುತ್ತಾರೆ. ಮೂತ್ರಪಿಂಡಕ್ಕೆ ಹೆಸರು ಬರೆಯಿಸಿ ಕಾಯುತ್ತಿದ್ದಾರೆ. ಈ ಲೇಖನದ ಸಂಗತಿಯನ್ನು ಹೇಳಿದಾಗ ಅವರು, "ಪಂಡಿತರೆ, ನೀವು ಪದಕ್ಕೆ ಅರ್ಥ ಬಿಡಿಸುತ್ತಾ ಕೂತರೆ ನನ್ನ ಸರದಿ ಬರೋದಿಲ್ಲ" ಎಂದರು. ಸ್ಪೇನಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಿಗೆ 40ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಅಂಗ ಕೊಡುತ್ತಾರೆ. ಭಾರತದಲ್ಲಿ ಹತ್ತು ಲಕ್ಷಕ್ಕೆ ಒಬ್ಬರೂ ಇಲ್ಲ. ಆ ಅಂತರದ ನಡುವೆ ಕಾದಿರುವವರಲ್ಲಿ ನನ್ನ ಮಿತ್ರರೂ ಒಬ್ಬರು.

ಇನ್ನು ನಮ್ಮ ಜಿಲ್ಲೆಗೆ ಬನ್ನಿ. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಯೊಂದು ಬೈಕಿನ ಮೇಲೆ ಹರಿದು ಹರೀಶ್ ಎಂಬ ತರುಣನ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲಿಯೂ ಆತನು, ತನ್ನ ಅಂಗಗಳನ್ನು ದಾನಮಾಡಿರೆಂದು ಸುತ್ತ ನೆರೆದವರನ್ನು ಬೇಡಿದನು. ಸ್ವಲ್ಪ ಹೊತ್ತಿನಲ್ಲಿ ಪ್ರಾಣ ಹೋಯಿತು, ಕಣ್ಣುಗಳು ದಾನವಾದವು. ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗಲೆಂದು ಸರ್ಕಾರವು ಅದೇ ವರ್ಷ ಹೊರಡಿಸಿದ ಯೋಜನೆಗೆ ಅವನ ಹೆಸರೇ ಬಂದಿತು.

ಎಲ್ಲವನ್ನೂ ಕೊಡುತ್ತೇನೆಂದವನ ಕಣ್ಣು ಮಾತ್ರವೇ ಏಕೆ ಒದಗಿತೆಂದು ನೀವು ಕೇಳಬಹುದು. ಹೃದಯ ನಿಂತ ಮೇಲೆ ಕಣ್ಣಿನ ಪಾರದರ್ಶಕ ಪಟಲವು ಸುಮಾರು ಆರು ಗಂಟೆ ಕೆಡದೆ ಇರುತ್ತದೆ. ಹೃದಯ, ಯಕೃತ್ತುಗಳು ಹಾಗಲ್ಲ. ಅವುಗಳಿಗೆ ರಕ್ತ ಹರಿಯುತ್ತಲೇ ಇರಬೇಕು. ಆದ್ದರಿಂದ ಅವನ್ನು ಸಾಮಾನ್ಯವಾಗಿ ತೆಗೆಯುವುದು ಮೆದುಳು ಸತ್ತು, ಉಸಿರಾಟದ ಯಂತ್ರದ ಬಲದಿಂದ ಎದೆ ಏರಿಳಿಯುತ್ತಿರುವವರಿಂದ. ನಾಲ್ವರು ವೈದ್ಯರ ಮಂಡಳಿಯು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಆ ಸಾವನ್ನು ನಿಶ್ಚಯಿಸಬೇಕು. ರೋಗಿ ಮಾತನಾಡಲಾರನು, ಹೊರಗೆ ಬೆಂಚಿನ ಮೇಲೆ ಮನೆಯವರು ಕುಳಿತಿರುತ್ತಾರೆ.

ಇಲ್ಲಿಯೇ ನಮ್ಮ ಕಾನೂನಿನ ಮರ್ಮವಿದೆ. 1994ರ ಅಧಿನಿಯಮದಂತೆ, ಬದುಕಿರುವಾಗ ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲೊಬ್ಬರು ಹತ್ತಿರದ ನಂಟರಾಗಿರುವಂತೆ, ಬರೆದುಕೊಟ್ಟರೆ ಅದು ಒಪ್ಪಿಗೆ. ಏನನ್ನೂ ಹೇಳದೆ ಸತ್ತರೆ ಮನೆಯವರು ಒಪ್ಪಿಗೆ ಕೊಡಬಹುದು. ಎಂದರೆ ನಮ್ಮ ಕಾನೂನು ಮೌನವನ್ನು ಸಮ್ಮತಿ ಎಂದೂ ಅನ್ನಲಿಲ್ಲ, ನಿರಾಕರಣೆ ಎಂದೂ ಅನ್ನಲಿಲ್ಲ. ಅದಕ್ಕೆ ಅರ್ಥ ಹೇಳುವ ಭಾರವನ್ನು ಹೆಂಡತಿ ಮಕ್ಕಳ ಮೇಲೆ ಹೊರಿಸಿತು. 2011ರ ತಿದ್ದುಪಡಿಯು ತೀವ್ರನಿಗಾ ಘಟಕದ ವೈದ್ಯರು ಈ ವಿಷಯವನ್ನು ಅವರಲ್ಲಿ ವಿಚಾರಿಸಲೇಬೇಕೆಂದು ವಿಧಿಸಿತು. ಕೇಳುವುದು ಈಗ ಸೌಜನ್ಯವಲ್ಲ, ಕರ್ತವ್ಯ.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಕಲಮುಂಟು, ಐದನೆಯದು. ಆಸ್ಪತ್ರೆಯಲ್ಲಿಯೋ ಸೆರೆಮನೆಯಲ್ಲಿಯೋ ಸತ್ತವನ ಶವವನ್ನು 48 ಗಂಟೆಯೊಳಗೆ ನಂಟರಾರೂ ಕೇಳಿಬಾರದಿದ್ದರೆ, ಅಂಗ ತೆಗೆಯಲು ಅಲ್ಲಿಯ ಮುಖ್ಯಸ್ಥರೇ ಅನುಮತಿ ಕೊಡಬಹುದು. ಅಷ್ಟು ಹೊತ್ತಿಗೆ ಹೃದಯ, ಮೂತ್ರಪಿಂಡಗಳು ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಆಚರಣೆಯಲ್ಲಿ ಇದು ಸಣ್ಣದು. ಆದರೂ ನನಗೆ ಇದು ಮುಳ್ಳಿನಂತೆ ಚುಚ್ಚುತ್ತದೆ. ದಿಕ್ಕಿಲ್ಲದವನ ಮೌನ ಮಾತ್ರ ಸಮ್ಮತಿಯಾಯಿತಲ್ಲ! ಹೊಸಕೋಟೆಯ ಗೋದಾಮುಗಳಿಗೆ, ದೇವನಹಳ್ಳಿಯ ಕಟ್ಟಡಗಳಿಗೆ ದೂರದ ರಾಜ್ಯಗಳಿಂದ ಬಂದು ದುಡಿಯುವವರನ್ನು ನೆನೆಯಿರಿ. 'ಬೇಡವೆಂದರೆ ಬರೆಯಿಸಿ' ಎಂಬ ಕಾನೂನು ನಾಳೆ ಬಂದರೆ ಅದನ್ನು ಪತ್ರಿಕೆಯಲ್ಲಿ ಓದಿ, ಬೇಕಾದಂತೆ ಬರೆಯಿಸಿಕೊಳ್ಳುವವರು ನಾನು, ನೀವು. ಸಾರಣೆ ಕಟ್ಟುವವನಿಗೆ ಅದು ತಿಳಿಯುವುದು ಹೇಗೆ? ಕೇಳದ ಪ್ರಶ್ನೆಗೆ ಅವನು ಸುಮ್ಮನಿದ್ದುದೇ ಉತ್ತರವಾಗಿಬಿಡುತ್ತದೆ.

ಬ್ರೆಜಿಲಿನಲ್ಲಿ ನಡೆದದ್ದು ಇದಕ್ಕೆ ದೃಷ್ಟಾಂತ. ಅಲ್ಲಿ 1997ರಲ್ಲಿ ಇಂಥ ಕಾನೂನು ಬಂದಾಗ ಜನರಿಗೆ ಭಯ ಹುಟ್ಟಿತು. ಗುರುತಿನ ಚೀಟಿಯಲ್ಲಿ 'ದಾನಿಯಲ್ಲ' ಎಂದು ಬರೆಯಿಸಲು ಮುಗಿಬಿದ್ದರು. 1998ರಲ್ಲಿಯೇ ಅದನ್ನು ಕೈಬಿಡಬೇಕಾಯಿತು. ಮೂತ್ರಪಿಂಡ ಮಾರಾಟದ ಜಾಲವೊಂದು 1995ರಲ್ಲಿ ಬೆಂಗಳೂರಿನಲ್ಲಿಯೇ ಬಯಲಾದುದನ್ನು ಕಂಡ ನಮಗೆ ಆ ಭಯದ ಸ್ವರೂಪ ತಿಳಿಯದ್ದೇನೂ ಅಲ್ಲ. ಹಾಗಾದರೆ ಸ್ಪೇನು ಗೆದ್ದದ್ದು ಹೇಗೆ? ಅಲ್ಲಿ ಕಾನೂನು ಏನೇ ಹೇಳಲಿ, ಮನೆಯವರನ್ನು ಕೇಳದೆ ಮುಟ್ಟುವುದಿಲ್ಲ. ಕೇಳುವ ವಿದ್ಯೆಯಲ್ಲಿ ತರಬೇತಾದ ಸಮನ್ವಯಕಾರರನ್ನು 1989ರಿಂದ ಆಸ್ಪತ್ರೆ ಆಸ್ಪತ್ರೆಗಳಲ್ಲಿ ನೆಲೆಗೊಳಿಸಿದರು. ಸಂಖ್ಯೆ ಏರಿದ್ದು ಆಮೇಲೆ.

ಹಳೆಯ ಕಾಲದ ಪಂಡಿತನಾದ ನಾನು 'ದಾನ' ಎಂಬ ಪದವನ್ನು ಸುಲಭವಾಗಿ ಬಿಟ್ಟುಕೊಡಲಾರೆ. ಧಾರೆ ಎರೆದು 'ಇದು ನನ್ನದಲ್ಲ' ಎಂದರೆ ತಾನೆ ಅದು ದಾನ. ದಧೀಚಿಯ ಬೆನ್ನೆಲುಬು ಲೋಕಕ್ಕೆ ಬೇಕಾದಾಗ ದೇವೇಂದ್ರನೂ ಆ ಋಷಿಯನ್ನು ಕೇಳಿಯೇ ತೆಗೆದುಕೊಂಡನು. ಕೇಳದೆ ತೆಗೆದುಕೊಂಡದ್ದು ಎಷ್ಟೇ ಒಳ್ಳೆಯದಕ್ಕೆ ಒದಗಿದರೂ ಅದನ್ನು ತೆರಿಗೆ ಎನ್ನಬಹುದೇ ಹೊರತು ದಾನವೆನ್ನಲಾಗದು. ತೆರಿಗೆಯೇ ಆಗಲಿ, ಜೀವ ಉಳಿದರೆ ಸಾಕೆನ್ನುತ್ತಾರೆ ನನ್ನ ಮಿತ್ರರು. ಅವರಿಗೆ ಎದುರು ಹೇಳಲು ನನಗೆ ಬಾಯಿಲ್ಲ. ಆದರೆ ಒಂದು ಕೆಲಸ ನನ್ನ ಕೈಯಲ್ಲಿತ್ತು.

ನಮ್ಮ ರಾಜ್ಯದಲ್ಲಿ ಈ ಕಾರ್ಯವನ್ನು ನೋಡಿಕೊಳ್ಳುವ ಸರ್ಕಾರದ ಸಂಸ್ಥೆ 'ಜೀವಸಾರ್ಥಕತೆ.' ಅಂಗದಾನದ ಪ್ರತಿಜ್ಞೆಯ ಕಾಗದವೊಂದನ್ನು ತಂದು, ಭಾನುವಾರ ಬೆಳಗ್ಗೆ ವಾರ್ತೆ ಮುಗಿದ ಮೇಲೆ ಮನೆಯಾಕೆಯ ಮುಂದಿಟ್ಟೆನು. ಹತ್ತಿರದ ನಂಟರ ಸಾಕ್ಷಿ ಬೇಕಲ್ಲವೆ? ಆಕೆ ಪೂರ್ತಿ ಓದಿದಳು. "ಕಣ್ಣು ಕೊಡಿ, ಬೇಡ ಅನ್ನೋಲ್ಲ. ಆದರೆ ಎದೆ ಆಡ್ತಿರೋವಾಗ, ಮೈ ಬೆಚ್ಚಗಿರೋವಾಗ, ತಗೊಳ್ಳಿ ಅಂತ ನಾನು ಹೇಗ್ರೀ ಹೇಳಲಿ?" ಎಂದಳು. ಮೆದುಳಿನ ಸಾವು, ನಾಲ್ವರು ವೈದ್ಯರು, ಎರಡು ಪರೀಕ್ಷೆ ಎಲ್ಲವನ್ನೂ ವಿವರಿಸಿದೆನು. ಹುಳಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡಳು. ಸಂಜೆ ಮತ್ತೆ, "ಆ ಆರು ಗಂಟೆ ಹೊತ್ತು ನಾವು ಪಕ್ಕದಲ್ಲಿ ಇರಬಹುದೆ?" ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ, ವಿಚಾರಿಸಿ ಬರುತ್ತೇನೆಂದೆನು. ಕಾಗದವು ರೇಡಿಯೋದ ಪಕ್ಕದಲ್ಲಿ ಪಂಚಾಂಗದೊಳಗಿದೆ. ಕಣ್ಣು ಎಂಬಲ್ಲಿ ಗುರುತು ಬಿದ್ದಿದೆ, ಮಿಕ್ಕ ಸಾಲುಗಳು ಖಾಲಿ ಇವೆ.