ಗೋಪ್ಯ ಜಾಲಕ್ಕೆ ಬೀಗವೊಂದೇ ಸಾಲದು

ಅಮೆರಿಕ ಸರ್ಕಾರ ತನ್ನ ರಹಸ್ಯ ಮಾಹಿತಿಗಾಗಿ ಸಾರ್ವಜನಿಕ ಅಂತರ್ಜಾಲದಿಂದ ಬೇರೆಯೇ ಆದ ಗಣಕಜಾಲಗಳನ್ನು ಇಟ್ಟುಕೊಂಡಿದೆ. ‘ರಹಸ್ಯ’ ದರ್ಜೆಯ ದಾಖಲೆಗಳಿಗೆ ‘ಸಿಪರ್‌ನೆಟ್’, ‘ಪರಮ ರಹಸ್ಯ’ ದರ್ಜೆಯ ಗುಪ್ತಚರ ವರದಿಗಳಿಗೆ ‘ಜೇವಿಕ್ಸ್’. ಹೊರಗಿನವರು ನುಸುಳದಂತೆ ಗೂಢಲಿಪಿ, ಪ್ರತ್ಯೇಕ ಸಂಪರ್ಕ, ಕಾವಲಿರುವ ಕೊಠಡಿ ಎಲ್ಲವೂ ಇವೆ. ಆದರೂ ಎರಡೂ ಜಾಲಗಳಿಂದ ರಹಸ್ಯ ಸೋರಿದೆ. ಸೋರಿದ್ದು ಒಳಗಿನವರ ಕೈಯಿಂದಲೇ.

2010ರಲ್ಲಿ ಬಾಗ್ದಾದ್ ಸಮೀಪದ ಸೇನಾ ನೆಲೆಯಲ್ಲಿ ಗುಪ್ತಚರ ವಿಶ್ಲೇಷಣೆಯ ಕೆಲಸದಲ್ಲಿದ್ದ, ಆಗಿನ್ನೂ 22 ವರ್ಷದ ಮ್ಯಾನಿಂಗ್, ಹಾಡಿನ ಸಿ.ಡಿ. ಎಂದು ತೋರುವಂತೆ ಮಾಡಿ ಸಿಪರ್‌ನೆಟ್‌ನ ದಾಖಲೆಗಳನ್ನು ಹೊರಗೊಯ್ದದ್ದು ಜಗಜ್ಜಾಹೀರಾಗಿದೆ. ವಿಕಿಲೀಕ್ಸ್ ಪಾಲಾದ ರಾಜತಾಂತ್ರಿಕ ಸಂದೇಶಗಳೇ ಎರಡೂವರೆ ಲಕ್ಷ ಮೀರಿದ್ದವು. 2023ರಲ್ಲಿ ಮ್ಯಾಸಚೂಸೆಟ್ಸ್‌ನ ವಾಯು ನ್ಯಾಷನಲ್ ಗಾರ್ಡ್‌ನಲ್ಲಿ ಗಣಕ ನಿರ್ವಹಣೆಗಿದ್ದ 21 ವರ್ಷದ ಜ್ಯಾಕ್ ಟೆಕ್ಸೇರಾ, ಉಕ್ರೇನ್ ಯುದ್ಧದ ವರದಿಗಳನ್ನು ‘ಡಿಸ್ಕಾರ್ಡ್’ನ ಗೆಳೆಯರಿಗೆ ಹಂಚಿ ಸಿಕ್ಕಿಬಿದ್ದ. ತನಗೆ ಸಂಬಂಧವಿಲ್ಲದ ವರದಿಗಳನ್ನು ಆತ ನೋಡುತ್ತಿದ್ದುದು ಮೇಲಿನವರಿಗೆ 2022ರಲ್ಲೇ ತಿಳಿದಿತ್ತು. ಎಚ್ಚರಿಕೆ ಕೊಟ್ಟರೇ ಹೊರತು ಪ್ರವೇಶಾಧಿಕಾರವನ್ನು ಕಿತ್ತುಕೊಳ್ಳಲಿಲ್ಲ. 2024ರಲ್ಲಿ ಆತನಿಗೆ 15 ವರ್ಷಗಳ ಸೆರೆವಾಸವಾಯಿತು.

ಹಾಗಾದರೆ ಮಾಹಿತಿಯನ್ನು ಮತ್ತೆ ಕೆಲವರ ಕಪಾಟಿನಲ್ಲಿಯೇ ಬಂಧಿಸಿಡಬೇಕೆ? ಅದೂ ಅಪಾಯಕಾರಿ. ವಿವಿಧ ಸಂಸ್ಥೆಗಳು ತಮ್ಮಲ್ಲಿದ್ದ ಸುಳಿವುಗಳನ್ನು ಒಂದೆಡೆ ಸೇರಿಸದೆ ಹೋದದ್ದು 2001ರ ಸೆಪ್ಟೆಂಬರ್ 11ರ ದಾಳಿಗೆ ದಾರಿಯಾಯಿತೆಂದು ಅಲ್ಲಿನ ತನಿಖಾ ಆಯೋಗ 2004ರಲ್ಲಿ ಹೇಳಿತು. ಜಾಲಗಳ ಬಾಗಿಲು ಅಗಲವಾದದ್ದು ಆ ಪಾಠದಿಂದಲೇ. ನಮ್ಮಲ್ಲಿಯೂ 1999ರ ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ಸಮಿತಿ ಗುಪ್ತಚರ ಸಂಸ್ಥೆಗಳ ನಡುವಣ ಸಮನ್ವಯದ ಕೊರತೆಯನ್ನು ಎತ್ತಿ ತೋರಿತು. ತರುವಾಯ ಗುಪ್ತಚರ ದಳದಲ್ಲಿ ಬಹುಸಂಸ್ಥಾ ಕೇಂದ್ರ ಸ್ಥಾಪನೆಯಾಯಿತು. 2008ರ ಮುಂಬೈ ದಾಳಿಯ ನಂತರ ಅದನ್ನು ಬಲಪಡಿಸಿ ರಾಜ್ಯಗಳೊಡನೆ ಬೆಸೆಯಲಾಯಿತು. ಹಂಚಿಕೆ ಬೇಕೇಬೇಕು. ಪ್ರಶ್ನೆ ಇರುವುದು ಏನನ್ನು, ಯಾರಿಗೆ ಎಂಬುದರಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರ ಮೂಲ ಕಾಣುವುದು ಒಂದು ರಬ್ಬರ್ ಮುದ್ರೆಯಲ್ಲಿ. ಕಡತದ ಮೇಲೆ ‘ರಹಸ್ಯ’ ಎಂದು ಒತ್ತುವ ಅಧಿಕಾರಿಗೆ ಅದರಿಂದ ಯಾವ ವೆಚ್ಚವೂ ಇಲ್ಲ. ಒತ್ತದೆ ಬಿಟ್ಟರೆ ನಾಳೆ ಉತ್ತರ ಹೇಳಬೇಕಾದೀತೆಂಬ ಭಯ ಮಾತ್ರ ಉಂಟು. ಬೆಲೆಯಿಲ್ಲದ ಸರಕು ಮಿತಿಮೀರಿ ಬಳಕೆಯಾಗುವುದು ಸಹಜ. ಬೆಳಗಿನ ಪತ್ರಿಕೆಯಲ್ಲಿ ಓದಿದ ಸುದ್ದಿಯೇ ಮಧ್ಯಾಹ್ನ ಅರಗಿನ ಮುದ್ರೆಯ ಎರಡು ಲಕೋಟೆಗಳೊಳಗೆ ನನ್ನ ಮೇಜಿಗೆ ಬಂದದ್ದುಂಟು. ಎಲ್ಲವೂ ರಹಸ್ಯವಾದಾಗ ದಿನನಿತ್ಯದ ಕೆಲಸ ನಡೆಸಲೂ ಅಸಂಖ್ಯ ಜನರಿಗೆ ಕೀಲಿಕೈ ಕೊಡಬೇಕಾಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ಅಂಥ ಅನುಮತಿ ಪಡೆದವರು ಸುಮಾರು 40 ಲಕ್ಷ! ಅಷ್ಟು ಮಂದಿಯಲ್ಲಿ ಒಬ್ಬನೂ ತಪ್ಪಲಾರನೆಂದು ನಂಬಿ ಕಟ್ಟಿದ ಭದ್ರತೆ ಭದ್ರತೆಯಲ್ಲ.

ಹಳೆಯ ಲಕೋಟೆ ಪದ್ಧತಿ ನಿಧಾನವಾಗಿತ್ತು, ನಿಜ. ಆದರೆ ಪ್ರತಿಗೆ ಸಂಖ್ಯೆಯಿತ್ತು, ಪಡೆದವರ ರುಜು ವಹಿಯಲ್ಲಿರುತ್ತಿತ್ತು. ಗಣಕವು ಆ ವಹಿಯನ್ನು ಇನ್ನೂ ಚೆನ್ನಾಗಿ ಬರೆಯಬಲ್ಲದು. ಆದರೆ ಅದನ್ನು ಓದುವವರು ಬೇಕು. ಪ್ರವೇಶಾಧಿಕಾರ ಹುದ್ದೆಯ ಎತ್ತರವನ್ನಲ್ಲ, ಕೈಯಲ್ಲಿರುವ ಕೆಲಸವನ್ನು ಅನುಸರಿಸಬೇಕು. ಕೆಲಸ ಮುಗಿದೊಡನೆ ಕೊನೆಗೊಳ್ಳಬೇಕು. ದಾಖಲೆ ನಕಲಿಸಲು ಇಬ್ಬರ ಒಪ್ಪಿಗೆ ಬೇಕು. ಮುದ್ರೆ ಒತ್ತುವವರು ಕಾರಣವನ್ನೂ ಅವಧಿಯನ್ನೂ ಬರೆಯಬೇಕು.

ಈ ಕೊನೆಯ ಮಾತಿಗೆ ನಮ್ಮ ಕಾನೂನೇ ಅಡ್ಡಿ. ಬ್ರಿಟಿಷರು 1923ರಲ್ಲಿ ತಂದ ಅಧಿಕೃತ ರಹಸ್ಯಗಳ ಕಾಯ್ದೆ ಸರ್ಕಾರಿ ನೌಕರನಿಗೆ ಮೌನವನ್ನೇ ಕಲಿಸುತ್ತದೆ. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಅದನ್ನು ರದ್ದುಪಡಿಸಿ, ಬೇಹುಗಾರಿಕೆಯಂಥ ಅಪರಾಧಗಳನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಸೇರಿಸಲು ಶಿಫಾರಸು ಮಾಡಿತ್ತು. ಕಾಯ್ದೆ ಇನ್ನೂ ಜೀವಂತವಾಗಿದೆ. ಗಡಿಯ ಸೈನಿಕನ, ಮಾಹಿತಿದಾರನ ಪ್ರಾಣ ಉಳಿಸುವ ರಹಸ್ಯಗಳು ಕೆಲವೇ. ಮಿಕ್ಕ ಹೊಟ್ಟನ್ನು ತೂರಿದರೆ ಮಾತ್ರ ಆ ಕಾಳನ್ನು ಕಾಯಲು ಸಾಧ್ಯ.