ತನ್ನ ಮುಖವನ್ನೇ ಬರೆದುಕೊಂಡ ರೆಂಬ್ರಾಂಟ್

ಚಿತ್ರಕಾರನು ತನ್ನ ರೂಪವನ್ನು ತಾನೇ ಬರೆದುಕೊಂಡರೆ ಅದನ್ನು ಆತ್ಮಚಿತ್ರವೆನ್ನುತ್ತಾರೆ. ಇದು ಬರಿಯ ಆತ್ಮಪ್ರಶಂಸೆಯೆಂದು ಎಣಿಸುವವರುಂಟು. ಹಾಲೆಂಡಿನ ರೆಂಬ್ರಾಂಟನ (1606–1669) ಕೆಲಸವನ್ನು ಬಲ್ಲವರು ಹಾಗೆನ್ನಲಾರರು. ವರ್ಣಚಿತ್ರ, ರೇಖಾಚಿತ್ರ, ತಾಮ್ರದ ತಗಡಿನಿಂದ ತೆಗೆದ ಅಚ್ಚು ಎಲ್ಲ ಸೇರಿ ಸುಮಾರು 80 ಸಲ ಆತನು ತನ್ನನ್ನು ಬರೆದುಕೊಂಡಿದ್ದಾನೆ. ಅವುಗಳಲ್ಲಿ ಅರ್ಧದಷ್ಟು ವರ್ಣಚಿತ್ರಗಳು.

ಮೊದಲ ಕಾರಣ ಬಹಳ ಸರಳವಾದುದು. ಎದುರಿಗೆ ಕುಳ್ಳಿರಿಸಿಕೊಂಡವನಿಗೆ ಕೂಲಿ ಕೊಡಬೇಕು. ಸ್ವಂತ ಮುಖಕ್ಕೆ ಕೊಡಬೇಕಾಗಿಲ್ಲ. 1630ರ ಸುಮಾರಿಗೆ, ಇಪ್ಪತ್ತನಾಲ್ಕರ ಹರೆಯದಲ್ಲಿ, ಆತನು ಕನ್ನಡಿಯ ಮುಂದೆ ನಿಂತು ನಕ್ಕನು, ಹುಬ್ಬು ಗಂಟಿಕ್ಕಿದನು, ಬೆಚ್ಚಿದವನಂತೆ ಕಣ್ಣು ಬಾಯಿ ತೆರೆದನು. ಒಂದೊಂದನ್ನೂ ತಗಡಿನ ಮೇಲೆ ಕೊರೆದನು. ಬೆಚ್ಚಿದ ಮುಖದ ಅಚ್ಚು ಎರಡು ಅಂಗುಲ ಎತ್ತರವಿದೆ, ಅಂಚೆಚೀಟಿಗಿಂತ ಕೊಂಚ ದೊಡ್ಡದು, ಅಷ್ಟೇ.

ಕನ್ನಡಿಯು ತನ್ನ ಕುರುಹುಗಳನ್ನು ಚಿತ್ರದಲ್ಲಿ ಬಿಟ್ಟೇ ಬಿಡುತ್ತದೆ. ಅದರಲ್ಲಿ ಬಲಗೈ ಎಡಗೈಯಾಗಿ ಕಾಣುತ್ತದೆ. ಲಂಡನ್ನಿನ ಕೆನ್‌ವುಡ್ ಹೌಸಿನಲ್ಲಿರುವ, ಮುಪ್ಪಿನ ಕಾಲದ ಚಿತ್ರವೊಂದನ್ನು ಎಕ್ಸ್‌ರೇಯಿಂದ ಪರೀಕ್ಷಿಸಿದಾಗ, ಆತನು ಕುಂಚವನ್ನು ಮೊದಲು ಕನ್ನಡಿಯಲ್ಲಿ ಕಂಡಂತೆ ಎಡಗೈಯಲ್ಲಿಯೇ ಬರೆದು ಆಮೇಲೆ ತಿದ್ದಿದುದು ಗೊತ್ತಾಯಿತು. ತಗಡಿನ ಅಚ್ಚಿನಲ್ಲಾದರೋ ಚಿತ್ರವು ಇನ್ನೊಮ್ಮೆ ತಿರುವುಮುರುವಾಗುವುದರಿಂದ ಬಲವು ಬಲವಾಗಿಯೇ ನಿಲ್ಲುತ್ತದೆ. ಇನ್ನೊಂದು ಕುರುಹು ದೃಷ್ಟಿ. ಬರೆಯುವವನು ಕನ್ನಡಿಯನ್ನು ದಿಟ್ಟಿಸುತ್ತಲೇ ಇರಬೇಕಾದ್ದರಿಂದ ಚಿತ್ರದ ಕಣ್ಣುಗಳು ನಮ್ಮನ್ನೇ ನೋಡುತ್ತಿರುತ್ತವೆ. ಅದನ್ನು ಗರ್ವವೆಂದು ತಿಳಿಯಬಾರದು. ಅದು ಕೆಲಸದಲ್ಲಿ ತೊಡಗಿದವನ ನೋಟ.

ಇನ್ನು ಆತನ ಸಂಸಾರದ ಲೆಕ್ಕ. 1639ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ 13,000 ಗಿಲ್ಡರಿಗೆ ದೊಡ್ಡ ಮನೆಯೊಂದನ್ನು ಕೊಂಡನು. ಆ ಸಾಲ ತೀರಲಿಲ್ಲ. ಚಿತ್ರ, ಶಿಲ್ಪ, ಕಡಲ ಚಿಪ್ಪು ಎಂದು ಕಂಡದ್ದನ್ನೆಲ್ಲ ಕೊಳ್ಳುವ ಚಟ ಬೇರೆ. 1656ರಲ್ಲಿ ದಿವಾಳಿಯಾಯಿತು. ಕೋಣೆ ಕೋಣೆಯನ್ನೂ ಹೊಕ್ಕು ಸಾಮಾನಿನ ಪಟ್ಟಿ ಮಾಡಿದರು, ಸಂಗ್ರಹವೆಲ್ಲ ಹರಾಜಾಯಿತು, 1658ರಲ್ಲಿ ಮನೆಯೂ ಹೋಯಿತು. ಕಡೆಗೆ 1660ರಲ್ಲಿ ಮಗ ಟೈಟಸ್ ಮತ್ತು ಸಂಗಾತಿ ಹೆಂಡ್ರಿಕ್ಯೆ ಸೇರಿ ಚಿತ್ರ ಮಾರುವ ಪಾಲುದಾರಿಕೆಯೊಂದನ್ನು ತೆರೆದು, ರೆಂಬ್ರಾಂಟನನ್ನು ಊಟ ವಸತಿಯ ಮೇಲೆ ದುಡಿಯುವವನನ್ನಾಗಿ ಇರಿಸಿಕೊಂಡರು. ಆತನು ಬರೆದುದು ಸಾಲ ಕೊಟ್ಟವರ ಪಾಲಾಗದಿರಲೆಂದು ಈ ಏರ್ಪಾಡು.

ಮನೆ ಹೋದ ಆ 1658ರಲ್ಲಿಯೇ ಬರೆದ ಆತ್ಮಚಿತ್ರವು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ನಾಲ್ಕು ಅಡಿಗೂ ಮಿಕ್ಕ ಎತ್ತರ. ಹೊನ್ನಿನ ಬಣ್ಣದ ಉಡುಪು, ಕೈಯಲ್ಲಿ ಬೆತ್ತ. ಪಟ್ಟಕ್ಕೆ ಕುಳಿತ ಅರಸನಂತಿದ್ದಾನೆ. ಇದು ಸೋಗಲ್ಲವೇ ಎಂದು ಕೇಳಬಹುದು. ಊರಿಗೆ ಕಳುಹಿಸಲೆಂದು ಎರವಲು ಕೋಟು ತೊಟ್ಟು ಫೋಟೋ ತೆಗೆಸಿಕೊಂಡವರು ನಮ್ಮಲ್ಲಿಯೂ ಇದ್ದಾರೆ. ಆ ಕೋಟು ಯಾರನ್ನೂ ವಂಚಿಸಲಿಕ್ಕಲ್ಲ, ಮನೆಯವರು ಚಿಂತಿಸದಿರಲೆಂದು. ಆದರೆ ಫೋಟೋದವನು ಮುಖದ ಗೆರೆಗಳನ್ನೂ ಅಳಿಸಿ ನಯಗೊಳಿಸುತ್ತಾನೆ. ರೆಂಬ್ರಾಂಟನು ಅದಕ್ಕೆ ಒಪ್ಪಲಿಲ್ಲ. ಅರಸುತನವೆಲ್ಲ ಉಡುಪಿನಷ್ಟಕ್ಕೇ, ಮುಖದಲ್ಲಿ ದಪ್ಪ ಮೂಗು, ಜೋತ ಕೆನ್ನೆ, ಐವತ್ತೆರಡರ ಆಯಾಸ ಇದ್ದ ಹಾಗೆಯೇ ಇವೆ. ಕೈಗಳನ್ನಂತೂ ದೊಡ್ಡದಾಗಿ, ಎದ್ದು ಕಾಣುವಂತೆ ಬರೆದಿದ್ದಾನೆ. ಹರಾಜಿಗೆ ಹಾಕಲಾಗದ ಸೊತ್ತು ಅವೇ ಆಗಿದ್ದವಲ್ಲ, ಅದಕ್ಕೇ ಇರಬೇಕೆಂದು ನನ್ನ ಎಣಿಕೆ.

ತಾವೂ ಬರೆದು ನೋಡಬೇಕೆನ್ನುವವರಿಗೆ ಗೋಡೆಯ ಸಾದಾ ಕನ್ನಡಿ, ಪೆನ್ಸಿಲು, ಕಾಗದ ಸಾಕು. ಬೆಳಕು ಒಂದೇ ಪಕ್ಕದಿಂದ ಬೀಳಲಿ. ನೆತ್ತಿಯ ಮೇಲಣ ದೀಪದ ಕೆಳಗೆ ಕುಳಿತರೆ ಕಣ್ಣುಗಳೆರಡೂ ಕತ್ತಲೆಯ ಗುಳಿಗಳಾಗುತ್ತವೆ. ಒಂದು ಕಣ್ಣು ಮುಚ್ಚಿ, ಸಾಬೂನಿನ ತುಂಡಿನಿಂದ ಕನ್ನಡಿಯ ಮೇಲೆಯೇ ಬಿಂಬದ ನೆತ್ತಿಯನ್ನೂ ಗಲ್ಲವನ್ನೂ ಗುರುತಿಸಿರಿ. ಅಳೆದರೆ ಆಶ್ಚರ್ಯವಾದೀತು: ನಿಜವಾದ ಮುಖದ ಅರ್ಧದಷ್ಟೇ ಇರುತ್ತದೆ, ಹಿಂದೆ ಸರಿದು ಗುರುತಿಸಿದರೂ ಅಷ್ಟೇ. ತಲೆ ಅಲುಗಿದಾಗ ಈ ಗುರುತುಗಳಿಗೆ ಮರಳಿ ಬರಬಹುದು. ಕಣ್ಣು ಮೂಗುಗಳಿಗೆ ಆತುರಪಡದೆ, ಕಣ್ಣು ಅರೆಮುಚ್ಚಿ ನೋಡಿ, ಮೊದಲು ನೆರಳಿನ ಆಕಾರವನ್ನು ತುಂಬಿರಿ. ನಗಲು ಹೋಗಬೇಡಿ; ಅರ್ಧ ಗಂಟೆ ನಗುತ್ತ ಕೂಡಲು ಯಾರಿಗೂ ಆಗದು. ಹೋಲಿಕೆ ಬರದಿದ್ದರೆ ಹರಿದು ಹಾಕದೆ, ಹಿಂಬದಿಯಲ್ಲಿ ತಾರೀಖು ಬರೆದು ಇಟ್ಟುಕೊಳ್ಳಿರಿ.