ಉತ್ತರದ ಕಾಡಿನ ಕಲ್ಲುಹೂವು

ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಲವಂಗ, ಚಕ್ಕೆ, ಮೊಗ್ಗುಗಳ ನಡುವೆ ಒಂದು ವಿಚಿತ್ರ ಪದಾರ್ಥವಿರುತ್ತದೆ. ಮೇಲೆ ಬೂದುಬಣ್ಣ, ಕೆಳಗೆ ಕಪ್ಪು. ಸುಟ್ಟ ಕಾಗದದ ಚೂರಿನಷ್ಟು ಹಗುರ. ಅದನ್ನು ನಾವು ಕಲ್ಲುಹೂವು ಎನ್ನುತ್ತೇವೆ. ಅದು ಹೂವಲ್ಲ, ಕಲ್ಲಿನ ಮೇಲೆಯೇ ಬೆಳೆಯಬೇಕೆಂಬ ನಿಯಮವೂ ಅದಕ್ಕಿಲ್ಲ, ಮರದ ತೊಗಟೆಯಾದರೂ ಆದೀತು. ವಿಜ್ಞಾನಿಗಳು ಲೈಕೆನ್ ಎಂದು ಕರೆಯುವ ಜೀವವರ್ಗಕ್ಕೆ ಸೇರಿದ್ದು ಅದು. ನಮಗೆ ಅದರಿಂದ ಒಂದು ಚಿಟಿಕೆ ಪರಿಮಳ, ಅಷ್ಟೆ. ಆದರೆ ಭೂಮಿಯ ಉತ್ತರದಂಚಿನಲ್ಲಿ ಇದರ ಬಂಧುಗಳನ್ನೇ ನೆಚ್ಚಿ ಚಳಿಗಾಲವನ್ನು ದಾಟುವ ಪ್ರಾಣಿಗಳುಂಟು. ಆ ಪ್ರಾಣಿಗಳನ್ನು ನೆಚ್ಚಿ ಬಾಳುವ ಜನರುಂಟು. ಅಲ್ಲಿಯ ಕಾಡು ಈಗ ಬದಲಾಗುತ್ತಿದೆ. ಆ ಬದಲಾವಣೆಗೆ ಈ ಪುಟ್ಟ ಜೀವ ಹೇಗೆ ಉತ್ತರ ಕೊಡುತ್ತಿದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕಲ್ಲುಹೂವು ಒಂದು ಜೀವವಲ್ಲ, ಒಂದು ಕೂಡುಸಂಸಾರ. ಶಿಲೀಂಧ್ರವೊಂದು ಮನೆ ಕಟ್ಟುತ್ತದೆ. ಬರಿಗಣ್ಣಿಗೆ ಕಾಣದ ಹಸುರು ಶೈವಲಗಳು ಒಳಗೆ ಕುಳಿತು ಬಿಸಿಲಿನಲ್ಲಿ ಅಡುಗೆ ಮಾಡುತ್ತವೆ. ಸ್ವಿಟ್ಸರ್ಲೆಂಡಿನ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಹೀಗೆಂದು ಹೇಳಿದಾಗ ಕಲ್ಲುಹೂವಿನ ಪಂಡಿತರೆಲ್ಲ ಸಿಡಿಮಿಡಿಗೊಂಡರು. ಅವರಲ್ಲಿ ಫಿನ್ಲೆಂಡಿನ ವಿಲಿಯಂ ನೈಲಾಂಡರ್ ಅತಿ ಕಟುವಾಗಿ ವಿರೋಧಿಸಿದವರು. ವಿನೋದವೆಂದರೆ, ಇದೇ ನೈಲಾಂಡರ್ 1866ರಲ್ಲಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳನ್ನು ಕಂಡು, ಇವು ಗಾಳಿಯ ಶುದ್ಧಿಯನ್ನು ಅಳೆಯುವ ಸಾಧನಗಳೆಂದು ಮೊದಲಿಗೆ ಗುರುತಿಸಿದವರು. ಒಂದು ವಿಷಯದಲ್ಲಿ ಎಡವಿದವರು ಇನ್ನೊಂದರಲ್ಲಿ ಬಹು ದೂರ ಕಂಡಿದ್ದರು.

ಅವರು ಕಂಡದ್ದರ ಕಾರಣ ಸರಳವಾದುದು. ಕಲ್ಲುಹೂವಿಗೆ ಬೇರಿಲ್ಲ. ನೀರನ್ನು ಒಳಗೆ ತಡೆದಿಡುವ ಮೇಣದ ಹೊದಿಕೆಯಿಲ್ಲ. ಮಳೆ, ಇಬ್ಬನಿ, ಮಂಜು, ಧೂಳು ಇವುಗಳಲ್ಲಿ ಏನು ಬಂದರೆ ಅದನ್ನೇ ಮೈಯೆಲ್ಲ ಬಾಯಾಗಿ ಹೀರಬೇಕು. ಒಣಗಾಳಿ ಬೀಸಿದರೆ ತಾನೂ ಒಣಗಿ ಗರಿಗರಿಯಾಗಿ ನಿದ್ರೆಗೆ ಜಾರುತ್ತದೆ. ಒಂದು ಹನಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಎದ್ದು ಕೆಲಸಕ್ಕೆ ತೊಡಗುತ್ತದೆ. ಎಚ್ಚರದ ಹೊತ್ತು ಕಡಿಮೆ. ಆದುದರಿಂದ ಬೆಳವಣಿಗೆಯೂ ಕಡಿಮೆ.

ಈಗ ಆ ಕಾಡಿಗೆ ಹೋಗೋಣ. ಸ್ಕ್ಯಾಂಡಿನೇವಿಯಾದಿಂದ ಹೊರಟು ಸೈಬೀರಿಯವನ್ನು ಹಾದು, ಸಮುದ್ರ ದಾಟಿ ಅಲಾಸ್ಕ, ಕೆನಡಗಳನ್ನು ಸುತ್ತಿ ಭೂಮಿಯ ತಲೆಗೆ ಹಸುರು ಪೇಟದಂತೆ ಕುಳಿತಿರುವ ಈ ಅರಣ್ಯವನ್ನು ರಷ್ಯನ್ನರು ತೈಗಾ ಎನ್ನುತ್ತಾರೆ. ಗ್ರೀಕರ ಉತ್ತರವಾಯುದೇವ ಬೋರಿಯಸ್‌ನ ಹೆಸರಿನಿಂದ ಬೋರಿಯಲ್ ಅರಣ್ಯ ಎಂಬ ಹೆಸರೂ ಬಂದಿದೆ. ಪೈನ್, ಸ್ಪ್ರೂಸ್, ಲಾರ್ಚ್, ಬರ್ಚ್ ಹೀಗೆ ಬೆರಳೆಣಿಕೆಯ ಮರಗಳು. ಪಶ್ಚಿಮಘಟ್ಟದ ಕಾಡನ್ನು ಕಂಡ ಕಣ್ಣಿಗೆ ಇದು ಬಡಕಾಡೆನ್ನಿಸಿದರೆ ಆಶ್ಚರ್ಯವಿಲ್ಲ. ಇದರ ಸಂಪತ್ತಿರುವುದು ನೆಲದಲ್ಲಿ. ತೇವವಿರುವಲ್ಲಿ ಮೆತ್ತನೆಯ ಹಾವಸೆ. ಅದರ ನಡುವೆ ಬಿಲ್‌ಬೆರಿ, ಲಿಂಗನ್‌ಬೆರಿಗಳ ಮೊಣಕಾಲೆತ್ತರದ ಪೊದೆಗಳು. ಮರಳುನೆಲದ ಪೈನ್ ಕಾಡುಗಳಲ್ಲಿ ಮಾತ್ರ ಹಾವಸೆಯ ಬದಲು ಬೆಳ್ಳಗಿನ, ನೊರೆಯಂತಹ, ಕೊಂಬೆ ಕೊಂಬೆಯಾಗಿ ಕವಲೊಡೆದ ಕಲ್ಲುಹೂವಿನ ಹಾಸು. 1732ರಲ್ಲಿ ಲ್ಯಾಪ್ಲೆಂಡಿನಲ್ಲಿ ಸಂಚರಿಸಿದ ಸ್ವೀಡನ್ನಿನ ಲಿನೇಯಸ್ ಮುಂದೆ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಅದರಲ್ಲಿ ಹಿಮಸಾರಂಗದ ಹೆಸರನ್ನೇ ಸೇರಿಸಿದರು. ಹಿಮ ಕವಿದ ತಿಂಗಳುಗಳಲ್ಲಿ ಹಿಮಸಾರಂಗದ ಮುಖ್ಯ ಮೇವು ಇದೇ. ಹಿಮದಡಿಯ ಮೇವನ್ನು ಅದು ವಾಸನೆಯಿಂದಲೇ ಪತ್ತೆಹಚ್ಚಿ, ಗೊರಸಿನಿಂದ ಕೆದಕಿ ತಿನ್ನುತ್ತದೆ.

ಈ ಹಾಸು ವರ್ಷಕ್ಕೆ ಬೆಳೆಯುವುದು ನಾಲ್ಕೈದು ಮಿಲಿಮೀಟರ್ ಮಾತ್ರ. ಗೇಣುದ್ದ ಇರದ ಹಾಸಿನ ಹಿಂದೆ ಎಷ್ಟೋ ದಶಕಗಳಿರುತ್ತವೆ. ಮುಂದಿನ ಮಾತೆಲ್ಲ ಈ ಒಂದು ಸಂಖ್ಯೆಯನ್ನು ಆತುಕೊಂಡಿದೆ.

ಗಾಳಿಯಿಂದ ಬಂದುದನ್ನೆಲ್ಲ ಹೀರುವ ಗುಣ ಎಂತಹ ಅಪಾಯವೆಂಬುದು 1986ರಲ್ಲಿ ತಿಳಿಯಿತು. ಚೆರ್ನೋಬಿಲ್ಲಿನ ಅಣುಸ್ಥಾವರ ಸಿಡಿದ ಕೆಲವೇ ದಿನಗಳಲ್ಲಿ ಮಳೆಯ ಜೊತೆ ಸೀಸಿಯಂ ವಿಕಿರಣ ಸ್ವೀಡನ್ನಿನ ಕಾಡಿಗಿಳಿಯಿತು. ಕಲ್ಲುಹೂವು ಅದನ್ನು ಹೀರಿತು, ಹಿಮಸಾರಂಗ ಕಲ್ಲುಹೂವನ್ನು ತಿಂದಿತು. ಆ ವರ್ಷ ಕೊಯ್ದ ಮಾಂಸದಲ್ಲಿ ಬಹುಪಾಲನ್ನು ಎಸೆಯಬೇಕಾಯಿತು. ಕಿಲೋ ಒಂದಕ್ಕೆ 300 ಬೆಕೆರೆಲ್ ಎಂದಿದ್ದ ಮಿತಿಯನ್ನು ಮರುವರ್ಷ ಹಿಮಸಾರಂಗದ ಮಾಂಸಕ್ಕೆಂದು 1500ಕ್ಕೆ ಏರಿಸಲಾಯಿತು. ಬಹು ದೂರದ ಊರಿನ ಹೆಸರು ಸಾಮಿ ಪಶುಪಾಲಕರ ಮನೆಮಾತಾದದ್ದು ಹೀಗೆ.

ವಿಕಿರಣ ಎರಗಿ ಬಂದ ಆಪತ್ತು. ಈಗಿನದು ಮೆಲ್ಲಗೆ ಬರುವಂಥದು. ಕಾಡು ಬಿಸಿಯಾಗುತ್ತಿದೆ. ಬಿಸಿಯಾದರೆ ಚಳಿನಾಡಿನ ಸಸ್ಯಗಳಿಗೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. 2007ರ ಡಿಸೆಂಬರಿನಲ್ಲಿ ಸ್ಕ್ಯಾಂಡಿನೇವಿಯದ ಉತ್ತರದಲ್ಲಿ ಅಕಾಲದ ಬೆಚ್ಚನೆ ಗಾಳಿ ಬೀಸಿ ಹಿಮ ಕರಗಿತು. ಹಿಮವೆಂದರೆ ಅಲ್ಲಿಯ ಕುರುಚಲು ಗಿಡಗಳಿಗೆ ಕಂಬಳಿ. ಕಂಬಳಿ ಸರಿದ ಮೇಲೆ ಮತ್ತೆ ಕಡುಚಳಿ ಮರಳಿತು. ಮರುಬೇಸಿಗೆಯಲ್ಲಿ ನೋಡಿದರೆ 1400 ಚದರ ಕಿಲೋಮೀಟರಿಗೂ ಮಿಕ್ಕ ನೆಲದಲ್ಲಿ ಪೊದೆಗಳು ಕಂದಿ ನಿಂತಿದ್ದವು. ಉಪಗ್ರಹದ ಚಿತ್ರಗಳಲ್ಲಿ ಹಸುರು ಶೇಕಡ 26ರಷ್ಟು ಇಳಿದಿತ್ತು. ಸ್ವೀಡನ್ನಿನ ಅಬಿಸ್ಕೋದಲ್ಲಿ ವಿಜ್ಞಾನಿಗಳು ಇಂತಹ ಬೆಚ್ಚನೆ ವಾರಗಳನ್ನು ದೀಪಗಳ ಕಾವಿನಿಂದ ತಾವೇ ಸೃಷ್ಟಿಸಿ ಪರೀಕ್ಷಿಸಿದರು. ಹಾವಸೆಯ ಬೆಳವಣಿಗೆ ಕುಂಠಿತವಾಯಿತು. ಜೊತೆಗಿದ್ದ ಕಲ್ಲುಹೂವು ಮಾತ್ರ ಏನೂ ಆಗದಂತಿತ್ತು! ಎದ್ದು ಮಲಗುವುದೇ ಬದುಕಾಗಿರುವ ಜೀವಕ್ಕೆ ಒಂದು ಅಕಾಲದ ಎಚ್ಚರ ದೊಡ್ಡದಲ್ಲ.

ಆದರೆ ಬಿಸಿ ಬಂದುಹೋಗುವ ಅತಿಥಿಯಾಗದೆ ಮನೆಯವನೇ ಆಗಿಬಿಟ್ಟರೆ? ಅಮೆರಿಕದ ಮಿನೆಸೋಟದ ಒಂದು ಜೌಗುಗಾಡಿನಲ್ಲಿ, ಮೇಲ್ಭಾಗ ತೆರೆದ ದೊಡ್ಡ ಪಾರದರ್ಶಕ ಕೋಣೆಗಳೊಳಗೆ ಹೊರಗಿಗಿಂತ 9 ಡಿಗ್ರಿಯವರೆಗೂ ಹೆಚ್ಚು ಕಾವು ಕೊಟ್ಟು ನೋಡುವ ಪ್ರಯೋಗ ನಡೆದಿದೆ. ಅಲ್ಲಿ ಮರಗಳಲ್ಲಿ ಬೆಳೆಯುವ ಒಂದು ಕಲ್ಲುಹೂವನ್ನಿಟ್ಟು ತೂಗಿದರು. ಕಾವು ಏರಿದಷ್ಟೂ ಬೆಳವಣಿಗೆ ಇಳಿಯಿತು. ಅತಿ ಬಿಸಿಯ ಕೋಣೆಗಳಲ್ಲಿ ಇದ್ದ ತೂಕವೂ ಕರಗಿತು. ಇದು ಜಮಾಖರ್ಚಿನ ಲೆಕ್ಕ. ಬಿಸಿಲಲ್ಲಿ ಅದು ಬೇಗ ಒಣಗಿ ದುಡಿಯುವ ಹೊತ್ತು ಕಡಿಮೆಯಾಗುತ್ತದೆ. ಒದ್ದೆಯಾಗಿರುವ ಬೆಚ್ಚನೆಯ ರಾತ್ರಿಯಲ್ಲೋ ದುಡಿಮೆಯಿಲ್ಲ, ಉಸಿರಾಟದ ಖರ್ಚು ಮಾತ್ರ ಜೋರು.

ಇಷ್ಟಾದರೂ ಇದುವರೆಗೆ ಸ್ವೀಡನ್ನಿನ ಬೆಳ್ಳನೆ ಹಾಸನ್ನು ಹೆಚ್ಚಾಗಿ ನುಂಗಿದುದು ಬಿಸಿಲಲ್ಲ, ನೆರಳು. ಆ ದೇಶದವರು 1923ರಿಂದ ತಮ್ಮ ಕಾಡಿನ ಗಣತಿ ಇಟ್ಟಿದ್ದಾರೆ. ಅದನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ವರದಿಯಂತೆ, ಕಲ್ಲುಹೂವು ಸಮೃದ್ಧವಾಗಿದ್ದ ಕಾಡಿನ ವಿಸ್ತಾರ 60 ವರ್ಷಗಳಲ್ಲಿ ಶೇಕಡ 71ರಷ್ಟು ಕುಗ್ಗಿದೆ. ಹಿಮಸಾರಂಗಗಳೇ ತಿಂದು ಮುಗಿಸಿದವೇನೋ ಎಂಬ ಸಂದೇಹ ಸಹಜ. ಮೇವಿನ ಒತ್ತಡ ಇಲ್ಲದಿಲ್ಲ. ಫಿನ್ಲೆಂಡಿನ ಉತ್ತರದಲ್ಲಿ ಅದು ಹೆಚ್ಚೇ. ಸ್ವೀಡನ್ನಿನಲ್ಲಿ ಮಾತ್ರ ಮುಖ್ಯ ಕಾರಣ ಕಾಡು ದಟ್ಟವಾದುದು. ಹಳೆಯ ವಿರಳ ಪೈನ್ ಕಾಡನ್ನು ಬುಡಸಮೇತ ಕಡಿದು, ನೆಲ ಕೆದಕಿ, ಒತ್ತೊತ್ತಾಗಿ ಸಸಿ ನೆಡುತ್ತಾರೆ. ಕೆಲವೆಡೆ ಸಾರಜನಕದ ಗೊಬ್ಬರವನ್ನೂ ಹಾಕುತ್ತಾರೆ. 1970ರ ದಶಕದಿಂದ ಬೇಗ ಬೆಳೆಯುವ ಅಮೆರಿಕದ ಲಾಜ್‌ಪೋಲ್ ಪೈನ್ ಕೂಡ ಬಂತು. ನೆರಳು, ತೇವ, ಗೊಬ್ಬರ ಮೂರೂ ಹಾವಸೆಗೆ ಹಬ್ಬ. ಕಲ್ಲುಹೂವು ಬಡತನದಲ್ಲಿ ಗೆಲ್ಲುವಂಥದು. ನೆಲ ಶ್ರೀಮಂತವಾದರೆ ಅದಕ್ಕೆ ಜಾಗವಿಲ್ಲ.

ಬೆಂಕಿಯ ಸಂಗತಿ ಇನ್ನೂ ವಿಚಿತ್ರ. ಹಿಂದೆ ಆಗಾಗ ನೆಲಮಟ್ಟದಲ್ಲಿ ಹರಿದುಹೋಗುತ್ತಿದ್ದ ಕಾಡುಕಿಚ್ಚು ಹಾವಸೆಯನ್ನೂ ಪೊದೆಯನ್ನೂ ತೆಗೆದು, ಪೈನ್ ಕಾಡನ್ನು ವಿರಳವಾಗಿಟ್ಟಿತ್ತು. ಆ ಬೋಳುನೆಲದಲ್ಲಿ ಕಲ್ಲುಹೂವು ಕೆಲವು ದಶಕಗಳಲ್ಲಿ ಚೇತರಿಸುತ್ತಿತ್ತು. ಮನುಷ್ಯ ಬೆಂಕಿಯನ್ನು ಆರಿಸಲು ಕಲಿತ, ಹಾವಸೆ ಗೆದ್ದಿತು. ಇತ್ತ ಕೆನಡದಲ್ಲಿ 2023ರಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. ಅದು ಹರಿದುಹೋಗುವ ಕಿಚ್ಚಲ್ಲ, ಸುಟ್ಟು ಬರಿದು ಮಾಡುವ ಕಿಚ್ಚು. ನಾಲ್ಕೈದು ಮಿಲಿಮೀಟರಿನ ಜೀವಕ್ಕೆ ಎರಡು ಬೆಂಕಿಗಳ ನಡುವೆ ಬಿಡುವು ಬೇಕು.

ಉಳಿದ ಹಾಸಾದರೂ ಹಿಮಸಾರಂಗಕ್ಕೆ ದಕ್ಕುತ್ತದೆಯೆ? ಹಿಮದ ಮೇಲೆ ಮಳೆ ಸುರಿದು ಹೆಪ್ಪುಗಟ್ಟಿದರೆ ನೆಲಕ್ಕೆ ಗಾಜಿನಂತಹ ಮುಚ್ಚಳ ಬೀಳುತ್ತದೆ. ಮೇವು ಕೆಳಗಿದೆ, ಗೊರಸಿಗೆ ನಿಲುಕದು. ಹೀಗೆ ಮೇವಿಗೆ ಬೀಗ ಬೀಳುವ ಕೆಟ್ಟ ಚಳಿಗಾಲಕ್ಕೆ ಸಾಮಿ ಭಾಷೆಯಲ್ಲಿ ಗ್ವಾವ್ವಿ ಎಂಬ ಮಾತೇ ಉಂಟು. ಬಯಲುಸೀಮೆಯವರು ಬರ ಎನ್ನುವಾಗಿನ ಭಾರ ಆ ಮಾತಿಗಿದೆ. ಕಾಡಿನ ಗಡಿಯಾಚೆ, ಸೈಬೀರಿಯದ ಯಮಾಲ್ ಪರ್ಯಾಯದ್ವೀಪದಲ್ಲಿ 2013ರ ನವೆಂಬರಿನ ಇಂತಹ ಮಳೆಯ ಹಿಂದೆ ಬಂದ ಚಳಿಗಾಲದಲ್ಲಿ 61,000 ಹಿಮಸಾರಂಗಗಳು ಹಸಿದು ಸತ್ತವು. ಮೊದಲೆಲ್ಲ ನೆಲ ಮುಚ್ಚಿದರೆ ಸಾಮಿಗಳು ಮಂದೆಯನ್ನು ಮುದಿಕಾಡಿಗೆ ನಡೆಸುತ್ತಿದ್ದರು. ಅಲ್ಲಿ ಹಳೆಯ ಸ್ಪ್ರೂಸ್ ಮರಗಳ ಕೊಂಬೆಯಿಂದ ಜಡೆಯಂತೆ ಇಳಿಬಿದ್ದ ಇನ್ನೊಂದು ಬಗೆಯ ಕಲ್ಲುಹೂವು ಆಪದ್ಧನವಾಗಿತ್ತು. ಮುದಿಕಾಡುಗಳು ಮರದ ಕಾರ್ಖಾನೆಗೆ ಹೋದವು. ಎಳೆಯ ಮರಗಳಲ್ಲಿ ಆ ಜಡೆ ಬೆಳೆದಿಲ್ಲ. ಈಗ ಚೀಲಗಳಲ್ಲಿ ಮೇವಿನ ಗುಳಿಗೆ ತಂದು ಸುರಿಯುತ್ತಾರೆ. ಅದಕ್ಕೆ ಹಣ ಬೇಕು, ಬೇಲಿ ಬೇಕು. ಒತ್ತಾಗಿ ನಿಂತ ಮಂದೆಯಲ್ಲಿ ರೋಗವೂ ಹಬ್ಬುತ್ತದೆ.

ಕಳೆದುದನ್ನು ಮರಳಿ ಬೆಳೆಸುವ ಪ್ರಯತ್ನವೂ ನಡೆದಿದೆ. ಮರಗಳನ್ನು ತೆಳುವಾಗಿಸಿ, ನೆಲವನ್ನು ಹದವರಿತು ಸುಟ್ಟು, ಬೇರೆಡೆಯಿಂದ ತಂದ ಕಲ್ಲುಹೂವನ್ನು ಪುಡಿಪುಡಿ ಮಾಡಿ, ನಮ್ಮ ರೈತರು ರಾಗಿ ಚೆಲ್ಲುವ ಹಾಗೆ ಕೈಯಿಂದ ಚೆಲ್ಲುತ್ತಾರೆ. ಚೂರುಗಳು ಬದುಕಿ ಕವಲೊಡೆಯುತ್ತವೆ ಎಂಬುದು ಸಿದ್ಧವಾಗಿದೆ. ಮಂದೆ ಮೇಯುವಷ್ಟು ಹಾಸಾಗುವ ಹೊತ್ತಿಗೆ ಚೆಲ್ಲಿದವರ ಮಕ್ಕಳು ಆ ಮಂದೆಯ ಹಿಂದೆ ನಡೆಯುತ್ತಿರುತ್ತಾರೆ.